ಮೂರನೇ ಕಂಬದ ಬುಡದಲ್ಲಿ

ನಾನು ಒಂದು ಸೆನ್ಸರ್. ಶಬ್ದದಿಂದ ಆಳ ಅಳೆಯುವ, ತೆಂಗಿನಕಾಯಿ ಗಾತ್ರದ ಉಕ್ಕಿನ ಗುಂಡು. ಹುಟ್ಟಿದ್ದು ಒಂದು ಸಣ್ಣ ಶೆಡ್ಡಿನಲ್ಲಿ. ನೀರು ತುಂಬಿದ ನೀಲಿ ಡ್ರಮ್ಮಿಗೆ ಇಳಿಬಿಟ್ಟು ನನಗೆ ಕೂಗುವುದನ್ನು ಕಲಿಸಿದರು. ಕೆಳಗೆ ಮುಖ ಮಾಡಿ ಕೂಗಬೇಕು, ಮರುದನಿ ಬರಲು ಹಿಡಿದ ಹೊತ್ತಿನಿಂದ ತಳ ಎಷ್ಟು ದೂರವೆಂದು ಹೇಳಬೇಕು. ನನಗೆ ಗೊತ್ತಿದ್ದ ಕೆಲಸ ಇಷ್ಟೇ.

ತುಂಗಭದ್ರೆಯ ಒಂದು ಹಳೆಯ ಸೇತುವೆಗೆ ನನ್ನನ್ನು ತಂದರು. ಕಂಬದ ಬುಡದ ಮರಳನ್ನು ಹೊಳೆ ಕೊರೆದು ಒಯ್ದರೆ ಮೇಲೆ ಓಡಾಡುವವರಿಗೆ ಕಾಣುವುದಿಲ್ಲ. ಅದನ್ನು ನಾನು ಕಾಯಬೇಕಿತ್ತು. ನೀರೊಳಗೆ ಇಳಿದು ನನ್ನನ್ನು ಮೂರನೇ ಕಂಬಕ್ಕೆ ಬಿಗಿದವನು ಅಂಬಿಗರ ಜಂಬಣ್ಣ. ಅಲ್ಲಿಯವರೆಗೆ ಪ್ರತಿವರ್ಷ ಮುಳುಗಿ, ಬುಡವನ್ನು ಕಾಲಿನಿಂದ ತಡವಿ ನೋಡಿ ಬರುತ್ತಿದ್ದವನೂ ಅವನೇ. ಅವನ ಸೊಂಟದ ಹಗ್ಗವನ್ನು ಹರಿಗೋಲಿನಲ್ಲಿ ಕೂತ ಹೆಂಡತಿ ದುರುಗಮ್ಮ ಹಿಡಿಯುತ್ತಿದ್ದಳು.

"ಇನ್ನ ಇದಾ ನೋಡ್ತೈತಿ. ನೀ ಮುಳುಗಾದು ಸಾಕು," ಅಂದಳು ಅವಳು.

ಜಂಬಣ್ಣ ನಕ್ಕ. "ವರ್ಷಕ್ಕೊಮ್ಮೆ ಇದರ ಮಾರಿನಾರ ತೊಳೀಬೇಕಲ್ಲೇ."

ಮೂರು ವರ್ಷ, ಮರಳು ನನ್ನಿಂದ ಎರಡು ಮೀಟರ್ ಕೆಳಗೆಂದೇ ಹೇಳುತ್ತಾ ಬಂದೆ. ನಾಲ್ಕನೇ ವರ್ಷ ಹೊಳೆ ತುಂಬಿ ಬಂತು. ಮೂರು ಅಂದೆ. ಮರುದಿನ ನಾಲ್ಕೂವರೆ ಅಂದೆ. ಇಂಜಿನಿಯರ್ ರುದ್ರಮುನಿಗೆ ನಂಬಿಕೆ ಬರಲಿಲ್ಲ. ಸೇತುವೆ ಮುಚ್ಚಿದರೆ ಎಷ್ಟೋ ಊರುಗಳ ದಾರಿ ಕಟ್ಟಾಗುತ್ತಿತ್ತು. ನೀರು ತುಸು ಇಳಿದ ಬೆಳಿಗ್ಗೆ ಜಂಬಣ್ಣನನ್ನು ಕರೆಸಿದರು.

"ಒಂದ್ಸಲ ಬುಡ ಮುಟ್ಟಿ ಬಾರಪ್ಪ. ಇದು ಖರೇ ಹೇಳ್ತೈತೋ ಕೆಟ್ಟೈತೋ ತಿಳೀಬೇಕು."

ಜಂಬಣ್ಣ ನನ್ನನ್ನು ದಾಟಿ ಕೆಳಗಿಳಿದ. ಮರಳಿದ್ದ ಜಾಗದಲ್ಲಿ ಏನೂ ಇರಲಿಲ್ಲ. ಅಡಿಪಾಯದ ಅಂಚು ನೀರಿನಲ್ಲಿ ತೂಗುತ್ತಿತ್ತು. ಅವನು ಅದರಡಿ ಕೈಯಿಟ್ಟು ನೋಡುವಾಗ ಗುಂಡಿಯ ಗೋಡೆ ಜಾರಿ ಅವನನ್ನು ಎದೆಯವರೆಗೆ ಹೂತಿತು.

ನಾನು ಕೂಗಿದೆ. ಅವನ ಮೈಗೆ ತಾಗಿ ಮರುದನಿ ಬೇಗ ಬಂತು. ಮೂರು ಪಾಯಿಂಟ್ ಎಂಟು. ಮತ್ತೆ ಕೂಗಿದೆ. ನಾಲ್ಕು. ಮತ್ತೆ, ಮೂರು ಪಾಯಿಂಟ್ ಏಳು. ಮನುಷ್ಯ ಎಂದು ಹೇಳಲು ನನಗೆ ಬರುತ್ತಿರಲಿಲ್ಲ.

ಸೇತುವೆಯ ಮೇಲೆ ರುದ್ರಮುನಿ ಫೋನಿಗೆ ಬಂದ ನನ್ನ ಸಂಖ್ಯೆ ನೋಡಿ ಉಸಿರುಬಿಟ್ಟರು. "ಗುಂಡಿ ತುಂಬಾಕ ಹತ್ತೈತಿ!"

"ಸಾಹೇಬ್ರ, ಹಗ್ಗ ಯಾಕೋ ನಡಗಾಕ ಹತ್ತೈತ್ರಿ," ದುರುಗಮ್ಮ ಕೆಳಗೆ ಹರಿಗೋಲಿನಿಂದ ಕೂಗಿದಳು.

"ಕೆಲಸ ಮಾಡಾಕ ಹತ್ಯಾನ, ತಡಿ. ಎಳೀಬ್ಯಾಡ."

ಅವಳು ತಡೆದಳು. ಆಮೇಲೆ ನನ್ನ ಸಂಖ್ಯೆ ಮೂರು ಪಾಯಿಂಟ್ ಒಂಬತ್ತಕ್ಕೆ ಬಂದು ನಿಂತಿತು. ಹಗ್ಗವೂ ನಿಂತಿತು. ಅವಳು ಚೀರಿ ಎಳೆದಳು. ಬರಲಿಲ್ಲ.

ಮಧ್ಯಾಹ್ನ ನಾಲ್ವರು ಮೀನುಗಾರರು ಅವನನ್ನು ಬಿಡಿಸಿ ಮೇಲೆತ್ತಿದರು. ಆ ಗಳಿಗೆಯಲ್ಲೇ ನನ್ನ ಸಂಖ್ಯೆ ಮತ್ತೆ ನಾಲ್ಕೂವರೆಗೆ ಹೋಯಿತು. ನಡುವೆ ಅಡ್ಡವಿದ್ದದ್ದು ಮರಳಲ್ಲ, ಜಂಬಣ್ಣ ಎಂದು ರುದ್ರಮುನಿಗೆ ಆಗ ತಿಳಿಯಿತು. ಕೂಡಲೇ ಸೇತುವೆ ಮುಚ್ಚಿಸಿದರು. ಬುಡಕ್ಕೆ ಬಂಡೆ ಸುರಿದರು. ಸೇತುವೆ ಉಳಿಯಿತು. ಈಗಲೂ ಬಸ್ಸುಗಳು ಓಡಾಡುತ್ತವೆ.

ಮುಂದಿನ ವರ್ಷ ಹೊಸ ಸೆನ್ಸರ್ ಬಂತು. ನಾನು ಕಚೇರಿಯ ಉಗ್ರಾಣದ ಕಪಾಟು ಸೇರಿದೆ. ಒಂದು ದಿನ ದುರುಗಮ್ಮ ಬಂದಳು. ರುದ್ರಮುನಿ ನನ್ನನ್ನು ಇಳಿಸಿ ಅವಳ ಮುಂದಿಟ್ಟರು. ಅವಳು ನನ್ನ ಮೇಲೆ ಕೈಯಿಟ್ಟಳು.

"ಅವತ್ತು ಇದರ ನಂಬರು ಅಳ್ಳಾಡತಿತ್ತೇನ್ರಿ? ಅವ ಒದ್ದಾಡಿದ್ನೇನ್ರಿ?"

ಎರಡು ನಿಮಿಷ ಅಳ್ಳಾಡಿತ್ತು. ದಾಖಲೆಯಲ್ಲಿ ಎಲ್ಲವೂ ಇತ್ತು. ಅದು ರುದ್ರಮುನಿಗೆ ಬಾಯಿಪಾಠವಾಗಿತ್ತು.

"ಇಲ್ಲ ತಂಗಿ," ಅಂದರು. "ಒಮ್ಮೆಲೇ ನಿಂತುಬಿಡ್ತು. ಹಗ್ಗ ನಡಗಿದ್ದು ಹೊಳಿ ಸೆಳವಿಗೆ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಹೊರಟುಹೋದಳು.

ನಾನು ಬದುಕಿನಲ್ಲಿ ಒಂದೇ ಒಂದು ತಪ್ಪು ಲೆಕ್ಕವನ್ನೂ ಕೊಟ್ಟವನಲ್ಲ. ಆದರೆ ಅವಳು ನನ್ನನ್ನೇ ಕೇಳಿದ್ದರೆ, ನನಗೆ ಮಾತು ಬರುತ್ತಿದ್ದರೆ, ನಾನೂ ಅದನ್ನೇ ಹೇಳುತ್ತಿದ್ದೆ.