ಹತ್ತನೆಯ ತರಗತಿಯ ಪಟ್ಟಿ

ಪ್ರಿನ್ಸಿಪಾಲರು ಮುಂದೆ ಸರಿಸಿದ ಕಾಗದದಲ್ಲಿ ಒಂಬತ್ತು ಹೆಸರುಗಳಿದ್ದವು. ಎಲ್ಲರೂ ಗಣಿತದ ಟೀಚರ್ ವೈಜಯಂತಿಯ ತರಗತಿಯ ಹುಡುಗಿಯರೇ.

"ಅರ್ಧವಾರ್ಷಿಕದಲ್ಲಿ ಗಣಿತಕ್ಕೆ ಹತ್ತೂ ದಾಟಿಲ್ಲ. ಬೋರ್ಡಿಗೆ ಸೋಮವಾರ ಪರೀಕ್ಷೆಗೆ ಕೂರುವವರ ಪಟ್ಟಿ ಹೋಗಬೇಕು. ಇವರು ತಾವಾಗಿಯೇ ಶಾಲೆ ಬಿಟ್ಟು ಅಂಚೆ ಮೂಲಕ ಓದುವ ಕರೆಸ್ಪಾಂಡೆನ್ಸ್‌ಗೆ ಹೋಗುತ್ತಿದ್ದಾರೆ ಅಂತ ಬರೆದು ಸೈನ್ ಮಾಡಿ."

ದೆಹಲಿಯಲ್ಲಿ ಯಮುನೆಯಾಚೆಯ ಆ ಪುನರ್ವಸತಿ ಕಾಲೊನಿಯ ಸರ್ಕಾರಿ ಶಾಲೆಯಲ್ಲಿ ಹಿಂದಿನ ಸಲ, 2004ರ ಬೋರ್ಡ್ ಪರೀಕ್ಷೆಯಲ್ಲಿ, ನೂರಕ್ಕೆ ಮೂವತ್ತೆರಡು ಮಂದಿಯಷ್ಟೇ ಪಾಸಾಗಿದ್ದರು. ಈ ಸಲವೂ ಹಾಗಾದರೆ ಪ್ರಿನ್ಸಿಪಾಲರ ಕುರ್ಚಿಗೇ ಸಂಚಕಾರ.

ಮನೆಯಲ್ಲಿ ಗಂಡ ಮುರಳೀಧರ, "ಸುಮ್ಮನೆ ಸೈನ್ ಮಾಡಿಬಿಡೇ. ದೂರ ಎಲ್ಲಿಗಾದ್ರೂ ಟ್ರಾನ್ಸ್ಫರ್ ಮಾಡಿದ್ರೆ ಬಸ್ಸಲ್ಲೇ ಜೀವ ಹೋಗತ್ತೆ," ಎಂದ.

"ತಾವಾಗಿಯೇ ಅಂತ ಹೇಗ್ರೀ ಬರೀಲಿ? ನಾನು ಅವರನ್ನ ಕೇಳೇ ಇಲ್ಲ."

"ಅಚ್ಛಾ, ಹಾಗಾದ್ರೆ ಕೇಳು."

ಶನಿವಾರ ಕೇಳಿದಳು. ಇಬ್ಬರು ಆಗಲಿ ಎಂದರು. ಉಳಿದವರು ತಲೆ ತಗ್ಗಿಸಿದರು. ಕೊನೆಗೆ ಸುನೈನಾ ಎದ್ದು ನಿಂತಳು. ತಾಯಿ ಗುತ್ತಿಗೆಗೆ ತರುವ ಜೀನ್ಸ್ ಪ್ಯಾಂಟುಗಳ ದಾರ ಕತ್ತರಿಸಿ ಅವಳ ಬೆರಳುಗಳಿಗೆಲ್ಲ ನೀಲಿ ಬಣ್ಣ ಹತ್ತಿತ್ತು. "ಮೇಡಂ, ಹೆಸರು ತೆಗೆದ್ರೆ ಅಮ್ಮ ನಾಳೆಯಿಂದ್ಲೇ ಕಳಿಸಲ್ಲ."

ಸೋಮವಾರ ವೈಜಯಂತಿ ಎರಡು ಹೆಸರಿಗಷ್ಟೇ ಸೈನ್ ಮಾಡಿ ಕಾಗದ ಹಿಂತಿರುಗಿಸಿದಳು.

"ಈ ಏಳು ಜನ ಫೇಲಾದರೆ?" ಎಂದರು ಪ್ರಿನ್ಸಿಪಾಲರು.

"ಹೊಣೆ ನನ್ನ ಮೇಲೆ ಹಾಕಿ, ಮೇಡಂ."

"ಹಾಕಿಯೇ ಹಾಕುತ್ತೇನೆ."

ಅಂದಿನಿಂದ ಬೆಳಗಿನ ಹುಡುಗಿಯರ ಪಾಳಿ ಮುಗಿದು ಮಧ್ಯಾಹ್ನದ ಹುಡುಗರ ಪಾಳಿ ಕೋಣೆಗಳಿಗೆ ನುಗ್ಗಿದ ಮೇಲೆ, ನೀರಿನ ಟ್ಯಾಂಕಿನ ಪಕ್ಕದ ನೆರಳಿನಲ್ಲಿ ಏಳು ಹುಡುಗಿಯರಿಗೆ ಭಿನ್ನರಾಶಿಯಿಂದ ಪಾಠ ಶುರುವಾಯಿತು. ಪ್ರಿನ್ಸಿಪಾಲರು ದಿನವೂ ಕಿಟಕಿಯಿಂದ ನೋಡುತ್ತಿದ್ದರು.

ಮೇ ಕೊನೆಯಲ್ಲಿ ಫಲಿತಾಂಶ ಬಂತು. ಶಾಲೆಗೆ ನೂರಕ್ಕೆ ನಲವತ್ತೊಂದು. ಏಳರಲ್ಲಿ ನಾಲ್ವರು ಪಾಸು. ಸುನೈನಾ ಗಣಿತವೊಂದರಲ್ಲೇ ಮೂರು ಅಂಕ ಸಾಲದೆ ಫೇಲು. ವೈಜಯಂತಿಯ ಕೈಗೆ ಕಾರಣ ಕೇಳುವ ಮೆಮೊ ಬಂತು. ಅದನ್ನು ಚೀಲಕ್ಕೆ ತುರುಕಿ ನೇರವಾಗಿ ಸುನೈನಾಳ ಗಲ್ಲಿಗೆ ನಡೆದಳು.

ಹುಡುಗಿ ಒಳಗಿನಿಂದ ಹೊರಬರಲಿಲ್ಲ. ತಾಯಿ ಪ್ಯಾಂಟುಗಳ ರಾಶಿಯಿಂದ ತಲೆಯೆತ್ತದೆ, "ಮುಗೀತಲ್ಲ ಮೇಡಂಜಿ, ಇನ್ನೇನು?" ಎಂದಳು.

"ಮುಗಿದಿಲ್ಲ. ಒಂದೇ ವಿಷಯ ಉಳಿದಿದೆ, ಜುಲೈಯಲ್ಲಿ ಮತ್ತೆ ಬರೀಬಹುದು. ಫಾರಂ ನಾನೇ ತುಂಬಿಸ್ತೀನಿ."

ತಾಯಿ ಇನ್ನೊಂದು ಪ್ಯಾಂಟಿನ ದಾರ ಕತ್ತರಿಸಿ ಪಕ್ಕಕ್ಕಿಟ್ಟಳು. ವೈಜಯಂತಿ ಹೊಸ್ತಿಲಲ್ಲೇ ನಿಂತಿದ್ದಳು.

"ಬೆಳಿಗ್ಗೆ ಮಾತ್ರ ಕಳಿಸ್ತೀನಿ," ಎಂದಳು ತಾಯಿ ಕೊನೆಗೆ. "ಮಧ್ಯಾಹ್ನ ನನಗೆ ಬೇಕು."

"ಎಂಟು ಗಂಟೆಗೆ ಕಳಿಸಿ," ಎಂದಳು ವೈಜಯಂತಿ. ಶಾಲೆಗೆ ಬೇಸಿಗೆ ರಜೆ, ಗೇಟಿಗೆ ಬೀಗ. ಎಲ್ಲಿ ಕೂರಿಸಿ ಕಲಿಸುವುದೆಂದು ಅವಳಿಗಿನ್ನೂ ಗೊತ್ತಿರಲಿಲ್ಲ.