ಹಳದಿ ಬಾವುಟ

ಫೆಬ್ರವರಿಯ ಚಳಿ. ಬೆಳಿಗ್ಗೆ ಒಂಬತ್ತಾದರೂ ಮೋಡ ಕವಿದು ಇಂಗ್ಲೆಂಡಿನ ಸ್ಟಾಕ್‌ಪೋರ್ಟಿನಲ್ಲಿ ಸರಿಯಾಗಿ ಬೆಳಕು ಬಿಟ್ಟಿರಲಿಲ್ಲ. ಶವಪೆಟ್ಟಿಗೆಯಲ್ಲಿ ಮಲಗಿದ್ದ ಗಂಡ ಉಮಾಶಂಕರರ ಅಂಗಿಯ ತೋಳಿಗೆ ಭಾಗೀರಥಮ್ಮ ಗುಂಡಿ ಹಾಕುತ್ತಿದ್ದರು. ಬಲಗೈ ತೋಳು.

"ಎಂಥ ಕೈಗುಣ ರೀ ಇವರದ್ದು! ಇವರು ಸೂಜಿ ಚುಚ್ಚಿದ್ರೆ ಒಂದು ಮಗೂನೂ ಅಳ್ತಿರ್ಲಿಲ್ಲ. ನನ್ನ ಕಂಡ್ರೆ ಕಿರುಚಿಕೊಳ್ತಿದ್ವು" ಎಂದರು ಅವರ ಜೊತೆಗೆ ಪ್ರಾಕ್ಟೀಸ್ ಮಾಡಿದ್ದ ಡಾಕ್ಟರ್ ಪುಟ್ಟಸ್ವಾಮಿ.

"ಅದು ನಿಮ್ಮ ಮೀಸೆಗೆ" ಎಂದರು ಅವರ ಹೆಂಡತಿ ದಾಕ್ಷಾಯಣಿ.

"ಒಂದು ಅತ್ತಿತ್ತು" ಎಂದರು ಭಾಗೀರಥಮ್ಮ. ಯಾರಿಗೂ ಕೇಳಿಸಲಿಲ್ಲ.

ಮಗ ಇಂದುಶೇಖರ ಪಕ್ಕಕ್ಕೆ ಬಂದ. "ಅಮ್ಮ, ಬೂದಿ ಸಮುದ್ರಕ್ಕೆ ಬಿಡು ಅಂದಿದ್ರು ಅಪ್ಪ. ಭಾನುವಾರಕ್ಕೆ ಲಿವರ್‌ಪೂಲ್‌ನಲ್ಲಿ ಬೋಟ್ ಬುಕ್ ಮಾಡಿದೀನಿ."

"ಯಾಕೆ ಸಮುದ್ರ ಅಂತ ಹೇಳಿದ್ರಾ?"

"ಇಲ್ಲ."

ಭಾಗೀರಥಮ್ಮ ಇನ್ನೊಂದು ಗುಂಡಿ ಹಾಕಿದರು.

*

ಅರವತ್ತೆರಡನೇ ಇಸವಿ. ಇಂಗ್ಲೆಂಡಿನ ಕೆಲಸಕ್ಕೆಂದು ಗಂಡಹೆಂಡತಿ ಮಗುವಿನೊಡನೆ ಬೊಂಬಾಯಿಯಲ್ಲಿ ಹತ್ತಿದ ಹಡಗು ಏಡನ್ ದಾಟಿದ ಮೇಲೆ ಕೆಳಡೆಕ್ಕಿನಲ್ಲಿ ಒಬ್ಬನಿಗೆ ಸಿಡುಬು ಕಾಣಿಸಿತು. ಹಳದಿ ಬಾವುಟ ಏರಿತು. ಯಾರೂ ಹತ್ತಿರ ಬರಬೇಡಿ ಎಂಬ ಗುರುತು. ಎಲ್ಲರಿಗೂ ದೇವಿ, ಅಂದರೆ ಸಿಡುಬಿನ ಲಸಿಕೆ, ಹಾಕಬೇಕು, ಹಾಕಿಸಿಕೊಳ್ಳದವರನ್ನು ಸೂಯೆಜ್‌ನಲ್ಲಿ ಇಳಿಸಿ ಬೇರೆ ಇಡಬೇಕು ಎಂದು ನಿಯಮ.

ಎಂಟು ತಿಂಗಳ ಮಗಳು ಶರ್ವಾಣಿಗೆ ಮೈತುಂಬ ಇಸುಬು. ಅಂಥ ಮಗುವಿಗೆ ದೇವಿ ಹಾಕಬಾರದೆಂದು ಊರಲ್ಲಿ ತಡೆದಿದ್ದವರು ಉಮಾಶಂಕರರೇ. ಈಗ ಹಡಗಿನ ಡಾಕ್ಟರಿಗೆ ನೆರವಾಗಿ ಲಸಿಕೆ ಹಾಕುತ್ತಿದ್ದವರೂ ಅವರೇ.

"ನಾನೂ ಮಗೂನೂ ಇಳೀತೀವಿ. ಎರಡು ವಾರ ತಾನೇ? ನೀವು ಹೋಗಿ" ಎಂದರು ಭಾಗೀರಥಮ್ಮ.

"ಕಾಣದ ಊರಲ್ಲಿ ನಿನ್ನೊಬ್ಬಳನ್ನ ಬಿಡಲಾ? ನಾನೂ ಇಳಿದ್ರೆ ಕೆಲಸ ಹೋಗುತ್ತೆ. ಒಂಚೂರೇ ಹಾಕ್ತೀನಿ. ನಾನು ಡಾಕ್ಟರಲ್ವೇನೆ?"

ಮಗು ಚೀರಿತು. ಮೊದಲು ತೋಳಲ್ಲಿ ಒಂದು ಗುಳ್ಳೆ, ಆಮೇಲೆ ಇಸುಬು ಇದ್ದಲ್ಲೆಲ್ಲ. ಇಂಗ್ಲೆಂಡಿಗೆ ಇನ್ನೆರಡು ದಿನ ಇರುವಾಗ, ಉಸಿರು ನಿಂತ ಮಗುವನ್ನು ಕ್ಯಾನ್‌ವಾಸಿನಲ್ಲಿ ಸುತ್ತಿ ನೀರಿಗೆ ಬಿಟ್ಟರು.

ಉಮಾಶಂಕರರು ಗೊತ್ತಾಗಿದ್ದ ದಿನವೇ ಕೆಲಸಕ್ಕೆ ಸೇರಿದರು. ಆಮೇಲೆ ಮನೆಯಲ್ಲಿ ಆ ಹೆಸರೆತ್ತಲಿಲ್ಲ.

*

ಚಿತಾಗಾರದಲ್ಲಿ ಪೆಟ್ಟಿಗೆಯ ಮುಂದೆ ಪರದೆ ಮುಚ್ಚಿತು. ಕಾರಿನ ಬಾಗಿಲು ಹಿಡಿದು ನಿಂತ ಮಗನಿಗೆ ಭಾಗೀರಥಮ್ಮ ಹೇಳಿದರು: "ಸಮುದ್ರ ಬೇಡ."

"ಅಪ್ಪನ ಲಾಸ್ಟ್ ವಿಶ್ ಅಮ್ಮ."

"ಅಲ್ಲಿ ನಿಮ್ಮಕ್ಕ ಇದಾಳೆ. ಅವಳ ಹತ್ತಿರ ಇವರು ಹೋಗೋದು ಬೇಡ."

"ಅಕ್ಕನಾ? ಯಾವ ಅಕ್ಕ?"

ದಾರಿಯುದ್ದಕ್ಕೂ ಅವರು ಹೇಳುತ್ತ ಹೋದರು. ಅವನು ಕೇಳುತ್ತ ಓಡಿಸಿದ.

ಶನಿವಾರ ಬೂದಿಯ ಡಬ್ಬಿ ಮನೆಗೆ ಬಂತು. ಭಾಗೀರಥಮ್ಮ ಅದನ್ನು ಹಿಂದಿನ ಕೋಣೆಯಲ್ಲಿಟ್ಟು ಬಾಗಿಲೆಳೆದುಕೊಂಡರು. ಅಡುಗೆಮನೆಯಿಂದ ಹಳದಿ ಡಸ್ಟರ್ ಬಟ್ಟೆ ತಂದು ಬಾಗಿಲ ಹಿಡಿಕೆಗೆ ಬಿಗಿಯಾಗಿ ಕಟ್ಟಿದರು.

ಬೋಟು ಕ್ಯಾನ್ಸಲ್ ಮಾಡಿ ಇಂದುಶೇಖರ ಭಾನುವಾರ ಲೀಡ್ಸಿನ ತನ್ನ ಮನೆಗೆ ಹೊರಟುಹೋದ. ಹೋಗುವಾಗ ಆ ಬಾಗಿಲ ತನಕ ಬಂದ, ಬಟ್ಟೆಯನ್ನು ಮುಟ್ಟಲಿಲ್ಲ.