ಅಣ್ಣ ಜೋಡಿಸಿದ ಕೊನೆಯ ರೀಲು

ಕೆನ್ನೆಯ ಮೇಲೆ ಗಾಯದ ಗುರುತಿದ್ದ ಆ ಜಪಾನಿ ರೌಡಿಗಾಗಿ ಕಾದಷ್ಟು ನಾನು ನನ್ನ ಗಂಡನಿಗೂ ಕಾದವಳಲ್ಲ. ಕಂಡಕಂಡ ಅಂಗಡಿಯವರನ್ನೆಲ್ಲ ಪೀಡಿಸಿ ಕೊನೆಗೂ ಆ ಸಿನಿಮಾದ ಡಿಸ್ಕ್ ತರಿಸಿದೆ. ಭಾನುವಾರ ಮಧ್ಯಾಹ್ನ ಹೊಲಿಗೆ ಮೆಷಿನ್ನಿಗೆ ಬಟ್ಟೆ ಹೊದಿಸಿ, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಟೀವಿ ಮುಂದೆ ಕುಳಿತೆ.

ನನಗೆ ಬೇಕಾಗಿದ್ದದ್ದು ಅದರ ಕೊನೆ. ನಾನು ಹುಡುಗಿಯಾಗಿದ್ದಾಗ ನಮ್ಮಣ್ಣ ಟಾಕೀಸಿನಲ್ಲಿ ಪ್ರೊಜೆಕ್ಟರ್ ಓಡಿಸುತ್ತಿದ್ದ. ಅವನ ಕ್ಯಾಬಿನ್ನಿನ ಕಿಂಡಿಯಿಂದ ನನಗೆ ಪುಕ್ಕಟೆ ಸಿನಿಮಾ. ಸೇತುವೆಯ ಮೇಲೆ ಗುಂಡೇಟು ತಿಂದು ಬಿದ್ದ ರೌಡಿ, ಕೊನೆಯಲ್ಲಿ ಏನೂ ಆಗದವನಂತೆ ಮಳೆಯಲ್ಲಿ ನಡೆದು ಮನೆಗೆ ಬಂದ. ತಂಗಿ ಬಾಗಿಲು ತೆಗೆದಳು, ಅಂಗಿಗೆ ಗುಂಡಿ ಹಾಕಿಕೊಟ್ಟಳು. ಅಲ್ಲಿಗೆ ಶುಭಂ. ಸಿಳ್ಳೆಯೋ ಸಿಳ್ಳೆ! “ನೋಡಿದ್ಯಾ, ಅಣ್ಣಂದಿರು ಅಷ್ಟು ಸುಲಭಕ್ಕೆ ಸಾಯಲ್ಲ ಕಣೇ” ಎಂದು ಅಣ್ಣ ನನ್ನ ಜಡೆ ಎಳೆದಿದ್ದ. ಹೋದ ವರ್ಷ ಎದೆನೋವೆಂದು ಆಸ್ಪತ್ರೆಗೆ ಹೋದವನು ತಿರುಗಿ ಮನೆಗೆ ಬರಲೇ ಇಲ್ಲ. ಸುಳ್ಳ!

ಡಿಸ್ಕಿನಲ್ಲಿ ನೋಡಿದರೆ, ಶುರುವಾದ ಸ್ವಲ್ಪ ಹೊತ್ತಿಗೇ ಆ ಮಹಾರಾಯ ಮಳೆಯಲ್ಲಿ ಮನೆಗೆ ಬಂದುಬಿಟ್ಟ. ಗುಂಡಿ ಹಾಕಿಸಿಕೊಂಡು, ಚಪ್ಪಲಿ ಮೆಟ್ಟಿ ಹೊರಟೂಬಿಟ್ಟ. ಆಮೇಲೆ ಬರೀ ಮಾತು, ಸಿಗರೇಟು, ಕಾರು, ಮತ್ತೆ ಮಾತು. ಕೊನೆಗೆ ಸೇತುವೆ, ಗುಂಡು. ಬಿದ್ದ. ಪರದೆ ಕಪ್ಪಾಯಿತು.

“ಅಯ್ಯೋ ಅಮ್ಮಾ, ಈ ದರಿದ್ರ ಸಿನಿಮಾಗಾ ಇಷ್ಟು ವರ್ಷ ಪ್ರಾಣ ಬಿಟ್ಟೆ?” ಎಂದಳು ಮಗಳು.

“ಬಾಯ್ಮುಚ್ಚೆ. ಎದ್ದು ಮನೆಗೆ ಬರ್ತಾನೆ, ತಾಳು.”

ಬರಲಿಲ್ಲ. ನಟರ ಹೆಸರುಗಳು ಸಾಲಾಗಿ ಬಂದು ಮುಗಿದವು.

ಆಗ ಥಟ್ಟನೆ ನೆನಪಾಯಿತು. ರೀಲಿನ ಡಬ್ಬಿಗಳ ಮೇಲಿನ ಚೀಟಿಗಳೆಲ್ಲ ಕಿತ್ತುಹೋಗಿದ್ದವು. ಯಾವುದು ಮೊದಲು, ಯಾವುದು ಆಮೇಲೆ ಎಂದು ತಿಳಿಯದೆ ಅಣ್ಣ ಅವನ್ನು ನೆಲದ ಮೇಲೆ ಹರಡಿಕೊಂಡು ತಲೆ ಕೆರೆದುಕೊಳ್ಳುತ್ತಿದ್ದ. ಭಾಷೆ ಗೊತ್ತಿದ್ದರೆ ತಾನೆ? ಕೊನೆಗೆ ತನಗೆ ತೋಚಿದಂತೆ ಜೋಡಿಸಿದ್ದ; ಗುಂಡಿ ಹಾಕುವಲ್ಲಿಗೆ ಮುಗಿಯುವ ರೀಲು ಕಟ್ಟಕಡೆಗೆ ಬಂದಿತ್ತು. ವಾರವಿಡೀ ಹಾಗೇ ಓಡಿತು, ಒಬ್ಬನೂ ತಕರಾರು ಎತ್ತಲಿಲ್ಲ. ನನ್ನ ಪೆದ್ದ ಅಣ್ಣ! ಸತ್ತವನನ್ನು ಮನೆಗೆ ಕಳಿಸಿಬಿಟ್ಟಿದ್ದ.

ನಗು ಬಂತು. ನಗುತ್ತಲೇ ಅಣ್ಣ ಬೇಕು ಅನ್ನಿಸಿತು. ಈಗಲೇ, ಕ್ಯಾಬಿನ್ನಿನ ಬೆವರು ಮೆತ್ತಿದ ಅದೇ ಅಂಗಿಯಲ್ಲಿ, ನನ್ನ ಬಾಗಿಲಲ್ಲಿ.

“ಆ ಮನೆಗೆ ಬರೋ ಸೀನ್ ಹಾಕು” ಎಂದೆ.

“ಅದು ಆಗ್ಲೇ ಆಯ್ತಲ್ಲಮ್ಮಾ.”

“ಆಗಿಲ್ಲ. ಅದೇ ಕೊನೇದು. ನಿಮ್ಮ ಮಾವ ಜೋಡ್ಸಿದ್ದೇ ಸರಿ.”

ಮಗಳು ನನ್ನ ಮುಖ ನೋಡಿ ರಿಮೋಟ್ ಒತ್ತಿದಳು. ಮಳೆ. ತಂಗಿ ಬಾಗಿಲು ತೆಗೆದಳು.

“ಎಷ್ಟೊತ್ತೋ ಬರೋದು?” ಎಂದೆ, ಜೋರಾಗಿಯೇ.

ತಂಗಿ ಸೂಜಿಗೆ ದಾರ ಪೋಣಿಸಿದಳು, ಗುಂಡಿ ಹಾಕಿದಳು, ದಾರವನ್ನು ಹಲ್ಲಿನಿಂದ ಕಡಿದಳು. ಅವನು ಎದ್ದು ನಿಂತು ಚಪ್ಪಲಿಯ ಕಡೆ ನೋಡಿದ.

“ಆರ್ಸು! ಬೇಗ ಆರ್ಸೇ!” ಎಂದು ಕೂಗಿದೆ.

ಮಗಳು ಟೀವಿ ಆರಿಸಿದಳು. ಅವನು ಮನೆಯಲ್ಲೇ ಉಳಿದ.